ಕ್ರೀಟ್ ದ್ವೀಪಕ್ಕೆ ಹೋಗುವುದಾದರೆ ಹೋಟೆಲನ್ನು ಕೊನೆಗೆ ಬುಕ್ ಮಾಡಿ

ದುಬಾರಿ ದ್ವೀಪ ಪ್ರವಾಸ ಅಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಹೋಟೆಲ್ ಚಿತ್ರಗಳನ್ನು ನೋಡುತ್ತಾ ಕೂರುವುದು. ನೀಲಿ ಸಮುದ್ರ, ಕೊಠಡಿಗೇ ಅಂಟಿಕೊಂಡ ಈಜುಕೊಳ, ಗಾಳಿಗೆ ಹಾರುವ ಬಿಳಿ ಪರದೆ. ಒಂದನ್ನು ಮೆಚ್ಚಿ ದುಡ್ಡು ಕಟ್ಟಿದ ಮೇಲೆ ಭೂಪಟ ತೆಗೆಯುತ್ತೇವೆ. ಆಗ ಗೊತ್ತಾಗುತ್ತದೆ, ನೋಡಬೇಕು ಅಂದುಕೊಂಡ ಜಾಗಗಳೆಲ್ಲ ದ್ವೀಪದ ಇನ್ನೊಂದು ತುದಿಯಲ್ಲಿವೆ. ಸಣ್ಣ ದ್ವೀಪವಾದರೆ ಹೇಗೋ ಸುಧಾರಿಸಬಹುದು. ಗ್ರೀಸ್ ದೇಶದ ಕ್ರೀಟ್‌ನಲ್ಲಿ ಆಗುವುದಿಲ್ಲ.

ಯಾಕೆಂದರೆ ಕ್ರೀಟ್ ದೊಡ್ಡದು. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್. ಅಗಲ ಮಾತ್ರ ಕಡಿಮೆ, ಇರಾಪೆಟ್ರಾ ಪಟ್ಟಣದ ಹತ್ತಿರ ಬರೀ 12 ಕಿಲೋಮೀಟರ್‌ಗೆ ಇಳಿಯುತ್ತದೆ. ಉದ್ದಕ್ಕೆ ಮಲಗಿದ ಈ ದ್ವೀಪದ ಬೆನ್ನಿನ ಮೇಲೆ ಬೆಟ್ಟಗಳ ಸಾಲಿದೆ, ಅದರಲ್ಲಿ ಎತ್ತರದ ಪ್ಸಿಲೊರಿಟಿಸ್ 2,456 ಮೀಟರ್. ಮುಖ್ಯ ಹೆದ್ದಾರಿ ಇರುವುದು ಉತ್ತರದ ಕರಾವಳಿಯಲ್ಲಿ. ದಕ್ಷಿಣಕ್ಕೆ ಹೋಗಬೇಕಾದರೆ ಬೆಟ್ಟ ದಾಟಬೇಕು. ಹಾಗಾಗಿ ಇಲ್ಲಿ ದೂರವನ್ನು ಕಿಲೋಮೀಟರ್‌ನಲ್ಲಿ ಲೆಕ್ಕ ಹಾಕಿ ಪ್ರಯೋಜನವಿಲ್ಲ, ಗಂಟೆಯಲ್ಲಿ ಹಾಕಬೇಕು.

ನನ್ನ ಲೆಕ್ಕ ಸರಳವಾಗಿದೆ. ಮೊದಲು ಯಾವ ಕಾಲದ ಇತಿಹಾಸ ನೋಡಬೇಕು ಅಂತ ತೀರ್ಮಾನಿಸಿ. ಆಮೇಲೆ ಅದು ದ್ವೀಪದ ಯಾವ ಭಾಗದಲ್ಲಿದೆ ನೋಡಿ. ಹೋಟೆಲ್ ಮೂರನೆಯದು.

ಯಾವ ಕಾಲ, ಯಾವ ಕಡೆ

ಕ್ರೀಟ್‌ನ ಇತಿಹಾಸ ಒಂದರ ಮೇಲೊಂದು ಪದರ ಪದರವಾಗಿ ಕೂತಿದೆ. ಎಲ್ಲಕ್ಕಿಂತ ಕೆಳಗಿರುವುದು, ಎಲ್ಲರೂ ಹುಡುಕಿಕೊಂಡು ಬರುವುದು, ಮಿನೋವನ್ ಕಾಲ, ಅಂದರೆ ಗ್ರೀಕರಿಗಿಂತ ಮೊದಲು ಇಲ್ಲಿ ಬಾಳಿದ ಜನರ ಕಾಲ. ಕ್ರಿ.ಪೂ. 1900ರ ಸುಮಾರಿಗೆ ಇಲ್ಲಿ ದೊಡ್ಡ ಅರಮನೆಗಳು ಎದ್ದವು. ಕ್ರಿ.ಪೂ. 1700ರ ಹೊತ್ತಿಗೆ ಬಿದ್ದವು. ಅದೇ ಜಾಗದಲ್ಲಿ ಇನ್ನೂ ಭರ್ಜರಿಯಾಗಿ ಕಟ್ಟಿದರು. ಕ್ರಿ.ಪೂ. 1450ರ ಸುಮಾರಿಗೆ ಮತ್ತೆ ಸುಟ್ಟು ಹಾಳಾದವು, ಕ್ನೊಸೊಸ್ ಅರಮನೆ ಒಂದು ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿಯಿತು. ಈ ಅರಮನೆಗಳು ಹೆಚ್ಚಾಗಿ ಇರುವುದು ದ್ವೀಪದ ಮಧ್ಯ ಮತ್ತು ಪೂರ್ವ ಭಾಗದಲ್ಲಿ. ಕ್ನೊಸೊಸ್, ಫೈಸ್ಟೋಸ್, ಮಾಲಿಯಾ, ಜಾಕ್ರೋಸ್, ಬೆಟ್ಟದ ಮೇಲಿನ ಜೊಮಿಂಥೋಸ್, ಪಶ್ಚಿಮದ ಕಿಡೋನಿಯಾ, ಈ ಆರನ್ನೂ ಒಟ್ಟಿಗೆ ಯುನೆಸ್ಕೋ 2025ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಇಷ್ಟು ತಡ ಯಾಕಾಯಿತು ಅಂತ ನನಗೂ ಆಶ್ಚರ್ಯವೇ.

ಅದರ ಮೇಲೆ ಗ್ರೀಕ್ ಮತ್ತು ರೋಮನ್ ಪದರ. ಇದಕ್ಕೆ ದಕ್ಷಿಣದ ಮೆಸ್ಸಾರಾ ಬಯಲಿಗೆ ಹೋಗಬೇಕು. ಅಲ್ಲಿರುವ ಗೋರ್ಟಿನ್, ರೋಮನ್ನರ ಕಾಲದಲ್ಲಿ ಕ್ರೀಟ್ ಜೊತೆಗೆ ಉತ್ತರ ಆಫ್ರಿಕಾದ ಸೈರೆನೈಕಾವೂ ಸೇರಿದ ಪ್ರಾಂತ್ಯದ ರಾಜಧಾನಿಯಾಗಿತ್ತು. ಮೂರನೆಯದು ವೆನಿಸ್ ಪದರ. 13ನೇ ಶತಮಾನದಿಂದ 1669ರವರೆಗೆ ದ್ವೀಪ ವೆನಿಸ್‌ನವರ ಕೈಯಲ್ಲಿತ್ತು. ಅವರ ಕೋಟೆ, ಬಂದರು, ಕಮಾನುಗಳು ಉತ್ತರ ಕರಾವಳಿಯ ಪಟ್ಟಣಗಳಲ್ಲಿವೆ. ಆಮೇಲೆ ಆಟೊಮನ್ ತುರ್ಕರು ಬಂದರು, ಕಡೆಗೆ 1913ರಲ್ಲಿ ಕ್ರೀಟ್ ಗ್ರೀಸ್ ಜೊತೆ ಸೇರಿತು.

ಈಗ ಹೋಟೆಲ್ ವಿಷಯ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮಿನೋವನ್ ಬೇಕಾದವರು ಕ್ನೊಸೊಸ್ ಪಕ್ಕದ ದೊಡ್ಡ ನಗರ ಹೆರಾಕ್ಲಿಯಾನ್ ಸುತ್ತಮುತ್ತ ಅಥವಾ ಪೂರ್ವಕ್ಕೆ ಎಲೂಂಡಾದಲ್ಲಿ ಉಳಿಯಬೇಕು. ಹಳೆಯ ಬಂದರು ಪಟ್ಟಣದ ಓಣಿಗಳಲ್ಲಿ ಅಲೆಯಬೇಕು ಅನ್ನುವವರು ಪಶ್ಚಿಮದ ಹಾನಿಯಾಕ್ಕೆ ಹೋಗಬೇಕು. (ಹೆಸರು ಕೇಳಿ ಹೆದರಬೇಡಿ, ಹಾನಿ ಏನೂ ಇಲ್ಲ.) ಹಾನಿಯಾದಿಂದ ಹೆರಾಕ್ಲಿಯಾನ್‌ಗೆ ಸುಮಾರು 140 ಕಿಲೋಮೀಟರ್. ಹೋಗಲು ಎರಡು ಗಂಟೆಗೂ ಜಾಸ್ತಿ ಬೇಕು, ವಾಪಸ್ ಬರಲು ಅಷ್ಟೇ. ಹಾನಿಯಾದಲ್ಲಿ ಉಳಿದು ಒಂದೇ ದಿನದಲ್ಲಿ ಕ್ನೊಸೊಸ್ ನೋಡಿ ಬರುತ್ತೇವೆ ಅಂತ ಹೊರಡುವವರು ಬಹಳ ಜನ. ಅವರು ಸರಿಯಾಗಿ ನೆತ್ತಿ ಸುಡುವ ಹೊತ್ತಿಗೆ, ಹತ್ತಾರು ಬಸ್ಸುಗಳ ಜೊತೆಗೇ, ಬಾಗಿಲಿಗೆ ಬಂದು ನಿಲ್ಲುತ್ತಾರೆ. ರಾತ್ರಿಗೆ ಎಷ್ಟು ಯೂರೋ ಕೊಟ್ಟರೂ ಈ ಕಷ್ಟ ತಪ್ಪಿಸಿಕೊಳ್ಳಲಾಗದು.

ಕ್ನೊಸೊಸ್‌ಗೆ ಹೋಗುವ ಮೊದಲು ಮ್ಯೂಸಿಯಂ

ಇದೊಂದು ಮಾತು ಕೇಳಿ. ಹೆರಾಕ್ಲಿಯಾನ್ ಪುರಾತತ್ವ ಮ್ಯೂಸಿಯಂ ಮೊದಲು, ಕ್ನೊಸೊಸ್ ಆಮೇಲೆ. ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ಇದು ಉಲ್ಟಾ ಇರುತ್ತದೆ. ಬೆಳಿಗ್ಗೆ ಬಿಸಿಲಲ್ಲಿ ಅರಮನೆ ಸುತ್ತಿ, ಊಟ ಮಾಡಿ, ನಿದ್ದೆ ತೂಗುವ ಹೊತ್ತಿಗೆ ಮ್ಯೂಸಿಯಂ. ಅಷ್ಟರಲ್ಲಿ ಕಣ್ಣು, ಕಾಲು, ತಲೆ ಮೂರೂ ಸೋತಿರುತ್ತವೆ.

ಮೊದಲು ಮ್ಯೂಸಿಯಂ ಅನ್ನುವುದಕ್ಕೆ ಇನ್ನೂ ಗಟ್ಟಿ ಕಾರಣ ಇದೆ. ಕ್ನೊಸೊಸ್‌ನಲ್ಲಿ ಗೋಡೆಯ ಮೇಲೆ ನೀವು ನೋಡುವ ಬಣ್ಣದ ಚಿತ್ರಗಳು ನಕಲು, ಮೂಲ ತುಣುಕುಗಳು ಮ್ಯೂಸಿಯಂನಲ್ಲಿವೆ. ಗೂಳಿಯ ಬೆನ್ನ ಮೇಲೆ ಲಾಗ ಹಾಕುವ ಹುಡುಗನ ಚಿತ್ರವನ್ನು ಅಲ್ಲಿ ಹತ್ತಿರದಿಂದ ನೋಡಿ. ಹಳೆಯ ತುಣುಕು ಎಲ್ಲಿ ಮುಗಿಯಿತು, ಹೊಸದಾಗಿ ತುಂಬಿದ ಬಣ್ಣ ಎಲ್ಲಿ ಶುರುವಾಯಿತು ಅನ್ನುವುದು ಕಣ್ಣಿಗೆ ಕಾಣಿಸುತ್ತದೆ. ಕೆಲವು ಚಿತ್ರಗಳಲ್ಲಿ ಹಳೆಯದಕ್ಕಿಂತ ಹೊಸದೇ ಜಾಸ್ತಿ. ‘ಲಿಲ್ಲಿ ಹೂಗಳ ರಾಜಕುಮಾರ’ ಅಂತ ಹೆಸರಾದ ಚಿತ್ರವಂತೂ, ಬೇರೆ ಬೇರೆ ಆಕೃತಿಗಳ ತುಣುಕು ಸೇರಿಸಿ ಒಬ್ಬನೇ ರಾಜಕುಮಾರನನ್ನು ಮಾಡಿದ್ದಿರಬೇಕು ಅಂತ ಎಷ್ಟೋ ವಿದ್ವಾಂಸರು ಹೇಳುತ್ತಾರೆ.

ಇಷ್ಟು ನೋಡಿಕೊಂಡು ಹೋದರೆ ಕ್ನೊಸೊಸ್ ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ಮೊದಲು ಅಗೆದವರು ಊರಿನವರೇ ಆದ ಮಿನೋಸ್ ಕಲೊಕೈರಿನೋಸ್, 1878ರಲ್ಲಿ. ಆದರೆ ಹೆಸರು ಬಂದದ್ದು ಇಂಗ್ಲೆಂಡಿನ ಆರ್ಥರ್ ಇವಾನ್ಸ್‌ಗೆ. ಜಮೀನನ್ನೇ ಕೊಂಡುಕೊಂಡು 1900ರಲ್ಲಿ ಅಗೆಯಲು ಶುರು ಮಾಡಿದರು. ಅಗೆದದ್ದಷ್ಟೇ ಅಲ್ಲ, ಕಟ್ಟಿದರು ಕೂಡ. ಮಹಡಿ, ಮೆಟ್ಟಿಲು, ಕೆಂಪು ಕಂಬ, ಎಲ್ಲ ಕಾಂಕ್ರೀಟ್‌ನಲ್ಲಿ. ಮಿನೋವನ್ನರ ಮೂಲ ಕಂಬಗಳು ಮರದ್ದು. ಮೇಲೆ ದಪ್ಪ, ಕೆಳಗೆ ಸಪೂರ. ನಮ್ಮ ಕಣ್ಣಿಗೆ ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಮರ ಸುಟ್ಟುಹೋಗಿತ್ತು, ಆಕಾರವನ್ನು ಇವಾನ್ಸ್ ಕಾಂಕ್ರೀಟ್‌ನಲ್ಲಿ ಎರಕ ಹೊಯ್ಸಿದರು.

ಇದು ಸರಿಯೋ ತಪ್ಪೋ ಅನ್ನುವ ಜಗಳ ನೂರು ವರ್ಷದಿಂದ ನಡೆದಿದೆ. ಮೂಗಿಗಿಂತ ಮೂಗುತಿ ಭಾರ ಅನ್ನುವವರಿದ್ದಾರೆ. ಹಾಗೆ ಆಸರೆ ಕೊಡದಿದ್ದರೆ ದೊಡ್ಡ ಮೆಟ್ಟಿಲ ಸಾಲು ಎಂದೋ ಕುಸಿಯುತ್ತಿತ್ತು ಅನ್ನುವವರೂ ಇದ್ದಾರೆ. ನನಗೆ ಎರಡೂ ಸ್ವಲ್ಪ ಸ್ವಲ್ಪ ನಿಜ ಅನ್ನಿಸುತ್ತದೆ. ಬರೀ ಮೊಣಕಾಲೆತ್ತರದ ಗೋಡೆಗಳನ್ನು ನೋಡಿ ನಾಲ್ಕು ಮಹಡಿಯ ಕಟ್ಟಡವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಆದರೆ ನೋಡುತ್ತಿರುವುದರಲ್ಲಿ ಒಂದು ಪಾಲು ಇವಾನ್ಸ್ ಅವರ ಊಹೆ ಅನ್ನುವುದು ನೆನಪಿರಲಿ. ‘ರಾಣಿಯ ಕೋಣೆ’ ಅನ್ನುವ ಹೆಸರೂ ಅವರದ್ದೇ. ಅಲ್ಲಿ ರಾಣಿ ಇದ್ದಳೋ ಇಲ್ಲವೋ ಹೇಳಲು ಒಂದು ಸಾಲಿನ ಬರಹವೂ ಇಲ್ಲ. ಅಷ್ಟೇ ಯಾಕೆ, ಆ ಜನ ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರು ಅಂತಲೂ ಗೊತ್ತಿಲ್ಲ. ಮಿನೋವನ್ ಅನ್ನುವುದು ನಾವು ಇಟ್ಟ ಹೆಸರು, ಗ್ರೀಕ್ ಪುರಾಣದ ರಾಜ ಮಿನೋಸ್‌ನಿಂದ ಬಂದದ್ದು. ಅವರ ಲೀನಿಯರ್ ಎ ಲಿಪಿಯನ್ನು ಇವತ್ತಿಗೂ ಯಾರೂ ಓದಿಲ್ಲ. ಅದರ ನಂತರದ ಲೀನಿಯರ್ ಬಿ ಲಿಪಿಯನ್ನು ಮೈಕೆಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ 1952ರಲ್ಲಿ ಬಿಡಿಸಿದರು. ಅದು ಹಳೆಯ ಗ್ರೀಕ್ ಭಾಷೆ. ಒಳಗೆ ಮಹಾಕಾವ್ಯ ಸಿಗಬಹುದು ಅಂತ ಕಾದವರಿಗೆ ಸಿಕ್ಕಿದ್ದು ಕುರಿ, ಉಣ್ಣೆ, ಎಣ್ಣೆಯ ಲೆಕ್ಕ!

ಹೋಗುವ ಹೊತ್ತು ಮುಖ್ಯ. ಬೇಸಿಗೆಯಲ್ಲಿ ಬಾಗಿಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಟಿಕೆಟ್ಟನ್ನು ಗ್ರೀಸ್ ಸರ್ಕಾರದ ಅಧಿಕೃತ ಜಾಲತಾಣದಲ್ಲಿ, ಒಳಹೋಗುವ ಸಮಯವನ್ನೂ ಸೇರಿಸಿ, ಮೊದಲೇ ತೆಗೆದುಕೊಳ್ಳಬಹುದು. ಮೊದಲ ಸಮಯವನ್ನೇ ಹಿಡಿಯಿರಿ. ಹೆರಾಕ್ಲಿಯಾನ್‌ನಿಂದ ಕ್ನೊಸೊಸ್ ಬರೀ 5 ಕಿಲೋಮೀಟರ್, ಅಲ್ಲಿ ಉಳಿದವರಿಗೆ ಇದು ಸುಲಭ. ಸೂರ್ಯ ಮೇಲೇರುವ ಮೊದಲು ಎರಡು ಗಂಟೆ ಸುತ್ತಿ, ಬಸ್ಸುಗಳು ಬಂದು ಜನ ಇಳಿಯುವ ಹೊತ್ತಿಗೆ ನೀವು ಹೊರಗೆ ಬಂದಿರುತ್ತೀರಿ.

ದುಡ್ಡು ಖರ್ಚು ಮಾಡಬೇಕಾದ ಜಾಗ ಒಂದಿದ್ದರೆ ಅದು ಗೈಡ್. ಗ್ರೀಸ್‌ನಲ್ಲಿ ಪುರಾತತ್ವ ಜಾಗಗಳ ಒಳಗೆ ಪರವಾನಗಿ ಪಡೆದ ಗೈಡ್‌ಗಳು ಮಾತ್ರ ವಿವರಿಸಬಹುದು. ನಿಮ್ಮನ್ನು ಕರೆತಂದ ಕಾರಿನ ಚಾಲಕ ಎಷ್ಟೇ ತಿಳಿದವನಾಗಿದ್ದರೂ ಒಳಗೆ ಬಂದು ಹೇಳುವ ಹಾಗಿಲ್ಲ. ಹಾಗಾಗಿ ‘ಖಾಸಗಿ ಪ್ರವಾಸ’ ಅಂತ ಬುಕ್ ಮಾಡುವಾಗ ಗೈಡ್ ಸೇರಿದೆಯೋ ಅಥವಾ ಬರೀ ಚಾಲಕನೋ ಅಂತ ಬಾಯಿಬಿಟ್ಟು ಕೇಳಿ. ಕ್ನೊಸೊಸ್‌ನಂತಹ ಜಾಗದಲ್ಲಿ ಒಳ್ಳೆಯ ಗೈಡ್ ಇಲ್ಲದಿದ್ದರೆ ಎರಡು ಗಂಟೆ ಸುಮ್ನೆ ಕಲ್ಲು ನೋಡಿ ಬಂದ ಹಾಗೆ.

ದಕ್ಷಿಣಕ್ಕೆ ಒಂದು ದಿನ

ಕ್ನೊಸೊಸ್ ನೋಡಿದ ಮೇಲೆ ಫೈಸ್ಟೋಸ್ ನೋಡದೆ ಬರಬೇಡಿ. ಹೆರಾಕ್ಲಿಯಾನ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಇಲ್ಲಿ ಅಗೆದವರು ಇಟಲಿಯವರು, ಅವರು ಕಾಂಕ್ರೀಟ್ ಸುರಿಯಲಿಲ್ಲ. ಸಿಕ್ಕಿದ್ದನ್ನು ಬಹುಮಟ್ಟಿಗೆ ಸಿಕ್ಕ ಹಾಗೆ ಬಿಟ್ಟರು. ಅರಮನೆ ದಿಬ್ಬದ ಮೇಲಿದೆ, ಕೆಳಗೆ ಆಲಿವ್ ತೋಟಗಳ ಬಯಲು, ಹಿಂದೆ ಬೆಟ್ಟ. ನಾಲ್ಕು ಸಾವಿರ ವರ್ಷದ ಹಿಂದೆ ಈ ಜಾಗವನ್ನೇ ಯಾಕೆ ಆರಿಸಿದರು ಅನ್ನುವುದು ನಿಂತರೆ ಸಾಕು, ಗೊತ್ತಾಗುತ್ತದೆ. 1908ರಲ್ಲಿ ಇಲ್ಲೇ ಲುಯಿಜಿ ಪೆರ್ನಿಯರ್ ಅವರಿಗೆ ಎರಡೂ ಬದಿಯಲ್ಲಿ ಸುರುಳಿಯಾಗಿ ಚಿಹ್ನೆಗಳನ್ನು ಒತ್ತಿದ ಒಂದು ಮಣ್ಣಿನ ಬಿಲ್ಲೆ ಸಿಕ್ಕಿತು. ಒಟ್ಟು 45 ಬಗೆಯ ಚಿಹ್ನೆ, ಒಂದೊಂದನ್ನೂ ಮುದ್ರೆಯಿಂದ ಒತ್ತಿದ್ದಾರೆ. ಅರ್ಥ ಬಿಡಿಸಿದೆ ಅಂತ ಆಗಾಗ ಯಾರಾದರೂ ಹೇಳಿಕೊಳ್ಳುತ್ತಾರೆ, ಇದುವರೆಗೆ ಒಂದನ್ನೂ ಎಲ್ಲರೂ ಒಪ್ಪಿಲ್ಲ. ಬಿಲ್ಲೆ ಈಗ ಹೆರಾಕ್ಲಿಯಾನ್ ಮ್ಯೂಸಿಯಂನಲ್ಲಿದೆ.

ಹೋಗುವ ದಾರಿಯಲ್ಲೇ ಗೋರ್ಟಿನ್ ಸಿಗುತ್ತದೆ. ಅಲ್ಲಿ ಗೋಡೆಯ ಮೇಲೆ ಕ್ರಿ.ಪೂ. 5ನೇ ಶತಮಾನದ ಕಾನೂನನ್ನು 12 ಅಂಕಣಗಳಲ್ಲಿ ಕೆತ್ತಿದ್ದಾರೆ. ಒಟ್ಟು 600ರಷ್ಟು ಸಾಲು. ಮದುವೆ, ವಿಚ್ಛೇದನ, ಆಸ್ತಿ ಹಂಚಿಕೆ, ದತ್ತು, ಗುಲಾಮರ ಹಕ್ಕು, ಎಲ್ಲ ಇದೆ. ವಿಚ್ಛೇದನವಾದರೆ ಹೆಂಡತಿ ತಾನು ತಂದ ಆಸ್ತಿಯನ್ನು ವಾಪಸ್ ಪಡೆಯುತ್ತಾಳೆ ಅಂತ ಕಲ್ಲಲ್ಲೇ ಬರೆದಿಟ್ಟಿದ್ದಾರೆ. ಅಕ್ಷರಗಳು ಓಡುವ ರೀತಿ ಇನ್ನೂ ಚಂದ. ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ, ಹೊಲದ ತುದಿಗೆ ಹೋದ ಎತ್ತು ತಿರುಗಿ ಬರುವ ಹಾಗೆ. ಗ್ರೀಕ್ ಭಾಷೆಯಲ್ಲಿ ಈ ಬರವಣಿಗೆಯ ಹೆಸರಿನ ಅರ್ಥವೂ ಅದೇ, ಎತ್ತು ತಿರುಗುವುದು. ಉಳುಮೆ ನೋಡಿದ ಯಾರಿಗೂ ಬೇರೆ ವಿವರಣೆ ಬೇಕಾಗಿಲ್ಲ.

ಎಲೂಂಡಾ ಮತ್ತು ಆ ಪುಟ್ಟ ದ್ವೀಪ

ಐಷಾರಾಮಿ ರೆಸಾರ್ಟ್ ಅಂದರೆ ಕ್ರೀಟ್‌ನಲ್ಲಿ ಮೊದಲು ಬರುವ ಹೆಸರು ಎಲೂಂಡಾ. ಖಾಸಗಿ ಈಜುಕೊಳದ ವಿಲ್ಲಾ, ದೋಣಿಕಟ್ಟೆ, ಸ್ಪಾ, ಕಾಸಿಗೆ ತಕ್ಕ ಕಜ್ಜಾಯ ಎಲ್ಲ ಸಿಗುತ್ತದೆ. ಇತಿಹಾಸದ ಕಣ್ಣಿಂದ ನೋಡಿದರೂ ಜಾಗ ಕೆಟ್ಟದ್ದಲ್ಲ. ಒಲೂಸ್ ಎಂಬ ಹಳೆಯ ಪಟ್ಟಣದ ಗೋಡೆಗಳು ಅಲ್ಲಿ ಆಳವಿಲ್ಲದ ನೀರಿನಡಿ ಇವೆ. ಕ್ನೊಸೊಸ್‌ಗೆ ಸುಮಾರು ಒಂದು ಗಂಟೆಯ ದಾರಿ, ಮಾಲಿಯಾ ಅರಮನೆ ಇನ್ನೂ ಹತ್ತಿರ.

ಎದುರಿಗೇ ಸ್ಪಿನಾಲೊಂಗಾ. 1579ರಲ್ಲಿ ವೆನಿಸ್‌ನವರು ಇಲ್ಲಿ ಕೋಟೆ ಕಟ್ಟಲು ಶುರು ಮಾಡಿದರು. ಇಡೀ ಕ್ರೀಟ್ ತುರ್ಕರ ಪಾಲಾದ ಮೇಲೂ ಈ ಬಂಡೆಯನ್ನು 1715ರವರೆಗೆ ಬಿಟ್ಟುಕೊಡಲಿಲ್ಲ. 1903ರಿಂದ 1957ರವರೆಗೆ ಕುಷ್ಠರೋಗಿಗಳನ್ನು ತಂದು ಬಿಡುವ ಜಾಗವಾಗಿತ್ತು. ಅವರು ಇಲ್ಲೇ ಅಂಗಡಿ ಇಟ್ಟರು, ಮದುವೆಯಾದರು, ಬದುಕಿದರು. ಎದುರು ದಡದ ಪ್ಲಾಕಾ ಹಳ್ಳಿಯ ದೀಪಗಳು ಅಲ್ಲಿಂದ ಕಾಣುತ್ತವೆ, ಅಷ್ಟು ಹತ್ತಿರ. ಎಲೂಂಡಾದಿಂದ ಅಥವಾ ಪ್ಲಾಕಾದಿಂದ ದೋಣಿ ಇದೆ. ಖಾಸಗಿ ದೋಣಿ ಮಾಡಿಕೊಳ್ಳುವ ಶಕ್ತಿ ಇದ್ದರೆ ಇಲ್ಲಿ ಮಾಡಿ, ಬೆಳಿಗ್ಗೆ ಮೊದಲು ಇಳಿಯುವುದಕ್ಕೆ. ಜನ ತುಂಬಿದ ಮೇಲೆ ಆ ಓಣಿಯಲ್ಲಿ ಸೆಲ್ಫಿ ಕೋಲುಗಳ ನಡುವೆ ನಡೆಯುವುದು ಮನಸ್ಸಿಗೆ ಹಿತವಲ್ಲ.

ಒಂದು ಎಚ್ಚರಿಕೆ. ಊಟ, ಕುಡಿಯುವುದು ಎಲ್ಲ ಸೇರಿದ ಪ್ಯಾಕೇಜ್ ಇತಿಹಾಸ ನೋಡುವವರಿಗಲ್ಲ. ಮಧ್ಯಾಹ್ನದ ಊಟಕ್ಕೆ ದುಡ್ಡು ಕೊಟ್ಟಾಗಿದೆ ಅಂತ ಮನಸ್ಸು ಹೋಟೆಲ್ ಕಡೆಗೇ ಎಳೆಯುತ್ತದೆ, ಫೈಸ್ಟೋಸ್‌ನಲ್ಲಿ ನಿಂತು ಗಡಿಯಾರ ನೋಡುವ ಹಾಗಾಗುತ್ತದೆ. ಬೆಳಗಿನ ತಿಂಡಿ ಮಾತ್ರ ಸೇರಿಸಿಕೊಳ್ಳಿ. ಉಳಿದದ್ದನ್ನು ಹಳ್ಳಿಯ ತವೆರ್ನಾಗಳಲ್ಲಿ, ಅಂದರೆ ಸಣ್ಣ ಊಟದ ಮನೆಗಳಲ್ಲಿ, ತಿನ್ನಿ. ಊಟದ ಕೊನೆಗೆ ಕೇಳದೆಯೇ ಒಂದು ಪುಟ್ಟ ಬಾಟಲಿ ರಾಕಿ ಎಂಬ ಮದ್ಯ ತಂದಿಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಕಾರು ಓಡಿಸುವವರು ಮುಟ್ಟದಿದ್ದರೆ ಒಳ್ಳೆಯದು.

ಇನ್ನು ಖರ್ಚಿನಲ್ಲಿ ಜನ ಮರೆಯುವ ಒಂದು ಬಾಬ್ತು. ಗ್ರೀಸ್‌ನಲ್ಲಿ ಹವಾಮಾನ ಶುಲ್ಕ ಅಂತ ಇದೆ. ಐದು ನಕ್ಷತ್ರದ ಹೋಟೆಲ್‌ಗೆ, 2025ರ ದರದಂತೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ಕೊಠಡಿಗೆ ರಾತ್ರಿಗೆ 15 ಯೂರೋ. ಹೆಚ್ಚಾಗಿ ಇದು ಬುಕಿಂಗ್ ಮೊತ್ತದಲ್ಲಿ ಇರುವುದಿಲ್ಲ, ಹೋಟೆಲ್‌ನಲ್ಲಿ ಕಟ್ಟಬೇಕು. ಒಂಬತ್ತು ರಾತ್ರಿಗೆ 135 ಯೂರೋ ಆಯಿತು ನೋಡಿ.

ಯಾವಾಗ, ಎಷ್ಟು ದಿನ

ಮೇ, ಜೂನ್ ಮೊದಲ ವಾರಗಳು, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಜುಲೈ, ಆಗಸ್ಟ್ ಬೇಡ. ನೆರಳಿಲ್ಲದ ಕಲ್ಲಿನ ಮೇಲೆ ಬಿಸಿಲು, ಜೊತೆಗೆ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸಿ ದೋಣಿಗಳೂ ನಿಲ್ಲುವುದುಂಟು. ಬಿಸಿಗಾಳಿ ಜೋರಾದರೆ ಗ್ರೀಸ್‌ನಲ್ಲಿ ಪುರಾತತ್ವ ಜಾಗಗಳನ್ನು ಮಧ್ಯಾಹ್ನ ಮುಚ್ಚಿಬಿಡುತ್ತಾರೆ. ಅಕ್ಟೋಬರ್‌ನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಜನ ಕಡಿಮೆ. ಚಳಿಗಾಲದಲ್ಲಿ ಹೋಗೋಣ ಅಂದರೆ ದೊಡ್ಡ ರೆಸಾರ್ಟ್‌ಗಳಲ್ಲಿ ಬಹುಪಾಲು ಬಾಗಿಲು ಹಾಕಿರುತ್ತವೆ.

ಒಂಬತ್ತು ರಾತ್ರಿ ಇದ್ದರೆ ನಾನು ಹೀಗೆ ಹಂಚುತ್ತೇನೆ. ಮೂರು ರಾತ್ರಿ ಹೆರಾಕ್ಲಿಯಾನ್‌ನಲ್ಲಿ ಅಥವಾ ಅದರ ದಕ್ಷಿಣದ ದ್ರಾಕ್ಷಿ ತೋಟಗಳ ಊರು ಅರ್ಹಾನೆಸ್‌ನಲ್ಲಿ. ಅಲ್ಲಿಗೆ ಹತ್ತಿರದ ವಾಥಿಪೆಟ್ರೋದಲ್ಲಿ ಮಿನೋವನ್ ಕಾಲದ ದ್ರಾಕ್ಷಿ ಹಿಂಡುವ ತೊಟ್ಟಿ ಇದೆ, ಸುತ್ತಲೂ ಇವತ್ತಿಗೂ ದ್ರಾಕ್ಷಿ ಬಳ್ಳಿ. ಮೂರು ರಾತ್ರಿ ಎಲೂಂಡಾದಲ್ಲಿ. ಕೊನೆಯ ಮೂರು ಹಾನಿಯಾದ ಹಳೆಯ ಬಂದರಿನ ಬಳಿ, ವೆನಿಸ್ ಕಾಲದ ಮನೆಯನ್ನು ಹೋಟೆಲ್ ಮಾಡಿರುವ ಕಡೆ. ಅಂಥ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ, ಕಾರು ಬಾಗಿಲವರೆಗೆ ಬರುವುದಿಲ್ಲ. ಮೊಣಕಾಲು ನೋವಿರುವವರು ಜೊತೆಗಿದ್ದರೆ ಮೊದಲೇ ವಿಚಾರಿಸಿ. ಹೆರಾಕ್ಲಿಯಾನ್‌ನಲ್ಲಿ ಇಳಿದು ಹಾನಿಯಾದಿಂದ ವಿಮಾನ ಹತ್ತಿದರೆ ವಾಪಸ್ ದಾರಿ ಉಳಿಯುತ್ತದೆ, ಎರಡೂ ಕಡೆ ವಿಮಾನ ನಿಲ್ದಾಣ ಇದೆ.

ಉತ್ತರದ ಸ್ಯಾಂಟೊರಿನಿ ದ್ವೀಪವನ್ನೂ ಸೇರಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಸಿಗೆಯಲ್ಲಿ ಹೆರಾಕ್ಲಿಯಾನ್‌ನಿಂದ ವೇಗದ ಹಡಗು ಸುಮಾರು ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ. ಆದರೆ ಒಂದೇ ದಿನದಲ್ಲಿ ಹೋಗಿ ಬರಬೇಡಿ, ಎರಡು ರಾತ್ರಿಯಾದರೂ ಇರಿ, ಅದೂ ಅಕ್ರೋಟಿರಿಗಾಗಿ. ಕ್ರಿ.ಪೂ. 1600ರ ಆಸುಪಾಸಿನಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಟ್ಟಣ ಅದು. 1967ರಲ್ಲಿ ಸ್ಪಿರಿಡಾನ್ ಮರಿನಾಟೋಸ್ ಅಗೆಯಲು ಶುರು ಮಾಡಿದರು. ಎರಡು ಮೂರು ಮಹಡಿಯ ಮನೆಗಳು ಸಿಕ್ಕವು, ಆದರೆ ಸಿಕ್ಕಿಬಿದ್ದು ಸತ್ತವರ ದೇಹ ಸಿಗಲಿಲ್ಲ. ಜನ ಮೊದಲೇ ಹೊರಟಿರಬೇಕು. ಇದೇ ಸ್ಫೋಟ ಕ್ರೀಟ್‌ನ ಅರಮನೆಗಳನ್ನೂ ಮುಗಿಸಿತು ಅಂತ ಸುಲಭವಾಗಿ ಹೇಳಿಬಿಡುವವರಿದ್ದಾರೆ. ತಾರೀಖು ನೋಡಿ, ಸ್ಫೋಟಕ್ಕೂ ಅರಮನೆಗಳ ಕೊನೆಗೂ ನಡುವೆ ನೂರೈವತ್ತು ವರ್ಷದಷ್ಟು ಅಂತರ ಇದೆ. ಕಥೆ ಅಷ್ಟು ಸರಳ ಅಲ್ಲ ಅಲ್ವಾ?

ಇನ್ನೊಂದು ದಿನ ಮಿಕ್ಕಿದರೆ ನಾನು ಸ್ಯಾಂಟೊರಿನಿಗಿಂತ ಜಾಕ್ರೋಸ್‌ಗೇ ಹೋಗುತ್ತೇನೆ. ದ್ವೀಪದ ಪೂರ್ವದ ಅಂಚಿನಲ್ಲಿದೆ, ಎಲೂಂಡಾದಿಂದ ಎರಡು ಗಂಟೆಗಿಂತ ಜಾಸ್ತಿ ಬೆಟ್ಟದ ದಾರಿ, ಹತ್ತಿರದಲ್ಲಿ ಐಷಾರಾಮಿ ಹೋಟೆಲ್ ಅನ್ನುವಂಥದ್ದು ಇಲ್ಲ. ಮೇಲಿನ ಹಳ್ಳಿಯಿಂದ ಅರಮನೆಗೆ ‘ಸತ್ತವರ ಕಮರಿ’ಯೊಳಗೆ ನಡೆದುಕೊಂಡೇ ಇಳಿಯಬಹುದು, ಅದರ ಗುಹೆಗಳಲ್ಲಿ ಮಿನೋವನ್ನರು ಹೆಣ ಹೂಳುತ್ತಿದ್ದರು. ಕೆಳಗೆ ಕೊಲ್ಲಿ, ಬೆರಳೆಣಿಕೆಯ ತವೆರ್ನಾ, ಬಾಳೆ ತೋಟ, ಅದರ ಹಿಂದೆ ಅರಮನೆ. 1961ರಿಂದ ಇಲ್ಲಿ ಅಗೆದ ನಿಕೊಲಾಸ್ ಪ್ಲಾಟನ್ ಅವರಿಗೆ ಈ ಅರಮನೆ ದೋಚದೆ ಉಳಿದ ಸ್ಥಿತಿಯಲ್ಲಿ ಸಿಕ್ಕಿತು. ಆನೆ ದಂತ ಸಿಕ್ಕಿತು, ತಾಮ್ರದ ಗಟ್ಟಿ ಸಿಕ್ಕಿತು. ಒಂದು ಬಾವಿಯ ನೀರಿನಲ್ಲಿ ಬಟ್ಟಲು ತುಂಬ ಆಲಿವ್ ಕಾಯಿಗಳು, ಈಗಷ್ಟೇ ಕಿತ್ತಿಟ್ಟ ಹಾಗೆ. ಗಾಳಿ ತಾಗಿದ್ದೇ ತಡ ಸುಕ್ಕಿ ಹೋದವಂತೆ. ಈಗ ಅರಮನೆಯ ನೀರಿನ ತೊಟ್ಟಿಯಲ್ಲಿ ಆಮೆಗಳಿವೆ, ಕಲ್ಲಿನ ಮೇಲೆ ಹತ್ತಿ ಬಿಸಿಲು ಕಾಯಿಸುತ್ತಾ ಕೂತಿರುತ್ತವೆ.